‘ಸರ್ವರ್ ಇಲ್ಲ, ನಾಳೆ ಬನ್ನಿ’ ಅನ್ನುವುದು ನಿಲ್ಲಬೇಕಾದರೆ: ಇ-ಆಡಳಿತದ ಹೊಣೆ ಹೊತ್ತವರಿಗೆ ಬಹಿರಂಗ ಪತ್ರ

ರಾಜ್ಯದ ಇ-ಆಡಳಿತ ನೋಡಿಕೊಳ್ಳುವ ಕಾರ್ಯದರ್ಶಿಗಳಿಗೆ, ಇಲಾಖೆಗಳ ಐಟಿ ವಿಭಾಗದ ಮುಖ್ಯಸ್ಥರಿಗೆ, ಟೆಂಡರ್ ದಾಖಲೆ ಸಿದ್ಧಪಡಿಸುವ ಅಧಿಕಾರಿಗಳಿಗೆ,

ಮಾನ್ಯರೇ,

ಉಪನೋಂದಣಿ ಕಚೇರಿ ಇರಲಿ, ನಾಡಕಚೇರಿ ಇರಲಿ, ನ್ಯಾಯಬೆಲೆ ಅಂಗಡಿಯೇ ಇರಲಿ, ನಮ್ಮ ಜನರಿಗೆ ಬಾಯಿಪಾಠವಾಗಿರುವ ಉತ್ತರ ಒಂದಿದೆ: ‘ಸರ್ವರ್ ಇಲ್ಲ, ನಾಳೆ ಬನ್ನಿ.’ ಒಂದು ಕ್ರಯಪತ್ರ ನೋಂದಣಿಯಾಗಬೇಕಾದರೆ ಕೊಳ್ಳುವವರು, ಮಾರುವವರು, ಸಾಕ್ಷಿಗಳು, ಕೆಲವೊಮ್ಮೆ ಬ್ಯಾಂಕಿನವರು, ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕಡೆ ಸೇರಬೇಕು. ಅವರಲ್ಲಿ ಒಬ್ಬರು ಮುಂಬೈಯಿಂದ ರಜೆ ಹಾಕಿ ಬಂದಿರುತ್ತಾರೆ, ಇನ್ನೊಬ್ಬರು ಎಂಬತ್ತು ದಾಟಿದ ಅಜ್ಜಿ. ಮಧ್ಯಾಹ್ನ 12ಕ್ಕೆ ನಿಂತ ಸರ್ವರ್ 4ಕ್ಕೆ ಮರಳಿದರೆ ದಾಖಲೆಯಲ್ಲಿ ಅದು ನಾಲ್ಕು ಗಂಟೆಯ ಅಡಚಣೆ. ಆ ಕುಟುಂಬಕ್ಕೆ ಮಾತ್ರ ಮತ್ತೆ ಎಲ್ಲರೂ ಸೇರುವ ದಿನ ಕೂಡಿಬರಲು ತಿಂಗಳೇ ಬೇಕಾಗಬಹುದು.

ನಾವು ಸರ್ವರ್, ಸ್ಟೋರೇಜ್, ಡೇಟಾಬೇಸ್, ನೆಟ್‌ವರ್ಕ್ ಕೆಲಸದಲ್ಲಿರುವ ಎಂಜಿನಿಯರುಗಳು. ಯಂತ್ರ ಕೆಡಬಾರದು ಎಂದು ನಾವು ಕೇಳುತ್ತಿಲ್ಲ. ಡಿಸ್ಕ್ ಹೋಗುತ್ತದೆ, ಕೇಬಲ್ ತುಂಡಾಗುತ್ತದೆ, ಬ್ಯಾಟರಿ ಕೈಕೊಡುತ್ತದೆ. ಒಂದು ಭಾಗ ಕೆಟ್ಟು ಕೂತಿರುವಾಗಲೂ ಕೆಲಸ ಸಾಗುವಂತೆ ಮಾಡುವ ವಿದ್ಯೆ ಇದೆ, ಅದಕ್ಕೆ ಸುಮಾರು ಎಪ್ಪತ್ತು ವರ್ಷ ವಯಸ್ಸಾಗಿದೆ. ನೆಚ್ಚಲಾಗದ ಭಾಗಗಳಿಂದ ನೆಚ್ಚಬಹುದಾದ ಯಂತ್ರ ಕಟ್ಟುವ ಗಣಿತವನ್ನು ಜಾನ್ ವಾನ್ ನ್ಯೂಮನ್ 1956ರಲ್ಲೇ ಪ್ರಕಟಿಸಿದ್ದರು. ಮರುವರ್ಷ ಪ್ರಾಗ್‌ನಲ್ಲಿ ಆಂಟೊನಿನ್ ಸ್ವೊಬೊಡಾ ಅವರ ತಂಡದ ‘ಸಾಪೊ’ ಕಂಪ್ಯೂಟರ್ ಒಂದೇ ಲೆಕ್ಕವನ್ನು ಮೂರು ಕಡೆ ಮಾಡಿ, ಎರಡು ಕಡೆ ಒಂದೇ ಬಂದ ಉತ್ತರವನ್ನು ಒಪ್ಪಿಕೊಳ್ಳುತ್ತಿತ್ತು. 1976ರಿಂದ ಟ್ಯಾಂಡೆಮ್ ಕಂಪನಿಯ, ಭಾಗಗಳನ್ನು ಜೋಡಿಯಾಗಿ ಕಟ್ಟಿದ ನಾನ್‌ಸ್ಟಾಪ್ ಯಂತ್ರಗಳು ಬ್ಯಾಂಕುಗಳಲ್ಲಿ ದುಡಿದವು.

ಅದೇ ಟ್ಯಾಂಡೆಮ್‌ನಲ್ಲಿದ್ದ ಜಿಮ್ ಗ್ರೇ 1985ರಲ್ಲಿ ಗ್ರಾಹಕರ ಕಡೆ ಯಂತ್ರಗಳು ಏಕೆ ನಿಂತವು ಎಂಬ ವರದಿಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಹಾರ್ಡ್‌ವೇರ್ ಕೆಟ್ಟು ನಿಂತದ್ದು ಸುಮಾರು 18 ಶೇಕಡಾ. ಸಾಫ್ಟ್‌ವೇರ್ ದೋಷ 25. ನಿರ್ವಹಣೆಯಿಂದ, ಅಂದರೆ ಮನುಷ್ಯರು ಸೆಟ್ಟಿಂಗ್ ಬದಲಿಸುವಾಗ, ರಿಪೇರಿ ಮಾಡುವಾಗ, ಅಪ್‌ಡೇಟ್ ಹಾಕುವಾಗ ನಿಂತದ್ದು 42. ಹಾರ್ಡ್‌ವೇರನ್ನು ಜೋಡಿಯಾಗಿ ಕಟ್ಟಿದ ಮೇಲೆ ಉಳಿದದ್ದು ಈ ಚಿತ್ರ. ನಮ್ಮ ಟೆಂಡರ್ ದಾಖಲೆಗಳಲ್ಲೋ ಪ್ರೊಸೆಸರ್ ಎಷ್ಟು, ಮೆಮೊರಿ ಎಷ್ಟು ಎಂಬುದಕ್ಕೆ ಪುಟಗಟ್ಟಲೆ ಜಾಗವಿರುತ್ತದೆ. ಬದಲಾವಣೆ ಹೇಗೆ ಮಾಡಬೇಕು, ತಪ್ಪಿದರೆ ಹಿಂದಕ್ಕೆ ಹೇಗೆ ಬರಬೇಕು ಎಂಬುದಕ್ಕೆ ಒಂದು ಪ್ಯಾರಾ ಸಿಕ್ಕರೆ ಪುಣ್ಯ.

ಮೊದಲು ಅಳತೆಯ ವಿಷಯ ಹೇಳುತ್ತೇವೆ, ಏಕೆಂದರೆ ಅಳತೆ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಒಪ್ಪಂದದಲ್ಲಿ ‘ತಿಂಗಳಿಗೆ 99.5 ಶೇಕಡಾ ಲಭ್ಯತೆ’ ಎಂದು ಬರೆದಿರುತ್ತದೆ ಎಂದುಕೊಳ್ಳಿ. 30 ದಿನದ ತಿಂಗಳಲ್ಲಿ 720 ಗಂಟೆ. ಅದರ ಅರ್ಧ ಶೇಕಡಾ 3.6 ಗಂಟೆ. ಸೋಮವಾರ ಬೆಳಿಗ್ಗೆ 11ರಿಂದ ಮಧ್ಯಾಹ್ನ 2.30ರವರೆಗೆ ಇಡೀ ರಾಜ್ಯದ ಕೌಂಟರುಗಳು ನಿಂತರೂ ಗುತ್ತಿಗೆದಾರರು ಷರತ್ತು ಪೂರೈಸಿದಂತೆಯೇ, ದಂಡವೂ ಇಲ್ಲ. ರಾತ್ರಿ ಯಾರೂ ಮುಟ್ಟದ ಹೊತ್ತಿನಲ್ಲಿ ಸರ್ವರ್ ಎಚ್ಚರವಾಗಿತ್ತು ಎಂಬುದೂ ಅಂಕಕ್ಕೆ ಸೇರುತ್ತದೆ. ಅದೂ ಸಾಲದೆಂಬಂತೆ ಈ ಸಂಖ್ಯೆ ಸರ್ವರಿನದ್ದು ಮಾತ್ರ. ಕೌಂಟರಿನಿಂದ ಡೇಟಾಬೇಸಿನವರೆಗೆ ಎಷ್ಟು ಕೊಂಡಿಗಳಿವೆ ನೋಡಿ: ಕಚೇರಿಯ ಪಿಸಿ, ಅದರ ಯುಪಿಎಸ್, ಸ್ವಿಚ್, ತಾಲ್ಲೂಕಿನ ಲೈನು, ರಾಜ್ಯದ ನೆಟ್‌ವರ್ಕು, ಅಪ್ಲಿಕೇಷನ್, ಡೇಟಾಬೇಸ್, ಆಧಾರ್ ದೃಢೀಕರಣ, ಹಣ ಪಾವತಿ, ಓಟಿಪಿ ಕಳಿಸುವ ಎಸ್‌ಎಂಎಸ್. ಇವು ಹತ್ತೂ 99.5 ಇದ್ದರೆ ಗುಣಿಸಿದಾಗ ಬರುವುದು 95.1. ನೂರು ಗಂಟೆ ಕೆಲಸದಲ್ಲಿ ಸುಮಾರು 5 ಗಂಟೆ ಕೌಂಟರ್ ನಿಂತಿರುತ್ತದೆ, ಆದರೂ ಹತ್ತು ಗುತ್ತಿಗೆದಾರರ ವರದಿಯಲ್ಲೂ ಎಲ್ಲವೂ ಹಸಿರು. ಆದ್ದರಿಂದ ಲಭ್ಯತೆಯನ್ನು ಕಚೇರಿ ಸಮಯದಲ್ಲಿ, ಕೌಂಟರಿನಲ್ಲಿ ಅಳೆಯಬೇಕು. ಪ್ರತಿ ತಾಲ್ಲೂಕಿನಿಂದ ಎರಡು ನಿಮಿಷಕ್ಕೊಮ್ಮೆ ಒಂದು ಪರೀಕ್ಷಾ ವ್ಯವಹಾರ ತಾನಾಗಿ ನಡೆದು, ಅದು ಕೊನೆ ಮುಟ್ಟಿತೇ ಇಲ್ಲವೇ ಎಂಬುದು ದಾಖಲಾದರೆ ಸಾಕು.

ಇನ್ನು ವಿದ್ಯುತ್ತು. ಎರಡೆರಡು ಯಂತ್ರ ಕೊಂಡಿದ್ದರೂ ಎಲ್ಲವೂ ಒಟ್ಟಿಗೆ ಬೀಳುವುದು ಹೆಚ್ಚಾಗಿ ಇಲ್ಲೇ. ಸರ್ವರಿಗೆ ಎರಡು ಪವರ್ ಸಪ್ಲೈ ಇರುತ್ತವೆ, ಆದರೆ ಎರಡು ವೈರುಗಳೂ ಒಂದೇ ಪವರ್ ಪಟ್ಟಿಗೆ ಸಿಕ್ಕಿಸಿರುತ್ತವೆ. ಎರಡು ವೈರು ಎರಡು ಬೇರೆ ಯುಪಿಎಸ್‌ಗೆ ಹೋಗಬೇಕು. ಹೋದರೂ ಇನ್ನೊಂದು ತಾಪತ್ರಯ ಉಳಿದಿರುತ್ತದೆ. 40 ಕೆವಿಎಯ ಎರಡು ಯುಪಿಎಸ್ ಇವೆ, ಒಟ್ಟು ಹೊರೆ 52 ಕೆವಿಎ ಎನ್ನೋಣ. ಮೀಟರಿನಲ್ಲಿ ಎರಡೂ 65 ಶೇಕಡಾ ತೋರಿಸುತ್ತವೆ, ಅಂಕಣ ತುಂಬುವವರಿಗೆ ‘ಸರಿಯಾಗಿದೆ’ ಅನಿಸುತ್ತದೆ. ಒಂದು ಯುಪಿಎಸ್ ಕೆಟ್ಟ ಕ್ಷಣ ಇನ್ನೊಂದರ ಮೇಲೆ 130 ಶೇಕಡಾ ಹೊರೆ ಬೀಳುತ್ತದೆ, ಅದೂ ಸ್ವಲ್ಪ ಹೊತ್ತಿನಲ್ಲೇ ಕೈಚೆಲ್ಲುತ್ತದೆ. ಜೋಡಿ ಯುಪಿಎಸ್‌ನಲ್ಲಿ ಯಾವುದೂ ಮಾಮೂಲಿ ದಿನ 45 ಶೇಕಡಾ ಮೀರಬಾರದು. ಹೊಸ ರ‍್ಯಾಕ್ ಸೇರಿಸುವ ಪ್ರತಿ ಸಲವೂ ಇದನ್ನು ಮತ್ತೆ ಲೆಕ್ಕ ಹಾಕಬೇಕು.

ಬ್ಯಾಟರಿಗಳದ್ದು ಇನ್ನೂ ಸೂಕ್ಷ್ಮ. ದೊಡ್ಡ ಯುಪಿಎಸ್‌ನಲ್ಲಿ 12 ವೋಲ್ಟಿನ ಮೂವತ್ತೋ ನಲವತ್ತೋ ಬ್ಯಾಟರಿಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಆ ಸಾಲಿನಲ್ಲಿ ಒಂದರೊಳಗೆ ಸಂಪರ್ಕ ಕಡಿದರೆ ಇಡೀ ಸಾಲು ಸತ್ತಂತೆ. ಕರೆಂಟ್ ಇರುವ ತನಕ ಇದು ಗೊತ್ತಾಗುವುದಿಲ್ಲ, ಹೋದಾಗಲೇ ಗೊತ್ತಾಗುವುದು. ಮುಚ್ಚಿದ ಸೀಸ-ಆಮ್ಲ ಬ್ಯಾಟರಿಯ ಆಯುಸ್ಸನ್ನು ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿರುತ್ತಾರೆ. ಕೋಣೆಯ ಬಿಸಿ 10 ಡಿಗ್ರಿ ಏರಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಲಬುರಗಿ, ರಾಯಚೂರು ಕಡೆ ಏಪ್ರಿಲ್-ಮೇನಲ್ಲಿ ಎಸಿ ಇಲ್ಲದ ಕೋಣೆಯಲ್ಲಿಟ್ಟ ಬ್ಯಾಟರಿಗೆ ‘ಐದು ವರ್ಷ’ ಎಂಬ ಕಾಗದದ ಮಾತು ಅನ್ವಯಿಸುವುದೇ ಇಲ್ಲ. ಮೂರು ತಿಂಗಳಿಗೊಮ್ಮೆ ಪ್ರತಿ ಬ್ಯಾಟರಿಯ ಒಳನಿರೋಧ ಅಳೆದು ಬರೆದಿಡಬೇಕು; ಹೊಸದಿದ್ದಾಗಿನ ಅಳತೆಗಿಂತ ಕಾಲು ಭಾಗ ಏರಿದ್ದು ಕಂಡರೆ ಬದಲಿಸಬೇಕು. ಆರು ತಿಂಗಳಿಗೊಮ್ಮೆ ಮೇನ್ ಸ್ವಿಚ್ ತೆಗೆದು ನಿಜವಾದ ಹೊರೆಯ ಮೇಲೆ ಎಷ್ಟು ನಿಮಿಷ ನಿಲ್ಲುತ್ತದೆ ನೋಡಬೇಕು. ಜನರೇಟರ್ ಚಾಲೂ ಆಗದಿರಲು ತೀರಾ ಸಾಮಾನ್ಯ ಕಾರಣ ಅದರ ಸ್ಟಾರ್ಟರ್ ಬ್ಯಾಟರಿ ಇಳಿದಿರುವುದು. ವಾರಕ್ಕೊಮ್ಮೆ ಖಾಲಿ ಓಡಿಸಿ ಪುಸ್ತಕಕ್ಕೆ ಸಹಿ ಹಾಕಿದರೆ ಆಗದು. ಹೊರೆಯಿಲ್ಲದೆ ಓಡಿದ ಡೀಸೆಲ್ ಎಂಜಿನ್ನಿನಲ್ಲಿ ಪೂರ್ತಿ ಉರಿಯದ ಇಂಧನ, ಮಸಿ ಕಟ್ಟಿಕೊಳ್ಳುತ್ತವೆ. ತಿಂಗಳಿಗೊಮ್ಮೆಯಾದರೂ ನಿಜ ಹೊರೆಯ ಮೇಲೆ ಅರ್ಧ ಗಂಟೆ ಓಡಬೇಕು.

ಲೈನುಗಳ ವಿಷಯಕ್ಕೆ ಬಂದರೆ, ಎರಡು ಕಂಪನಿಗಳಿಂದ ಎರಡು ಲೈನ್ ತೆಗೆದುಕೊಂಡ ಮಾತ್ರಕ್ಕೆ ಎರಡು ದಾರಿ ಆದಂತಲ್ಲ. ಎರಡೂ ಫೈಬರ್ ಒಂದೇ ರಸ್ತೆಯ ಒಂದೇ ಗುಂಡಿಯಲ್ಲಿ ಮಲಗಿದ್ದರೆ ಒಂದು ಜೆಸಿಬಿ ಎರಡನ್ನೂ ಕತ್ತರಿಸುತ್ತದೆ. 2021ರ ಫೆಬ್ರವರಿ 24ರಂದು ರಾಷ್ಟ್ರೀಯ ಷೇರುಪೇಟೆ ಎನ್‌ಎಸ್‌ಇ ಬೆಳಿಗ್ಗೆ 11.40ಕ್ಕೆ ವಹಿವಾಟು ನಿಲ್ಲಿಸಿ ಮಧ್ಯಾಹ್ನ 3.45ಕ್ಕೆ ಮತ್ತೆ ತೆರೆಯಿತು. ಅವರಿಗೆ ಎರಡು ಟೆಲಿಕಾಂ ಕಂಪನಿಗಳ ಲೈನುಗಳಿದ್ದವು, ಎರಡರಲ್ಲೂ ತೊಂದರೆಯಾಯಿತು. ಬಿಲ್ ಪಾವತಿಸುವ ಮುನ್ನ ಎರಡು ದಾರಿಗಳ ನಕ್ಷೆ ತರಿಸಿ, ಒಂದರ ಮೇಲೊಂದು ಇಟ್ಟು ನೋಡಿ. ಕಟ್ಟಡದೊಳಕ್ಕೆ ಬರುವ ತೂತೂ ಎರಡಿರಬೇಕು. ತಾಲ್ಲೂಕು ಕಚೇರಿಗೆ ಎರಡನೇ ಫೈಬರ್ ದುಬಾರಿ ಎನಿಸಿದರೆ ಎರಡು ಸಿಮ್ ಹಾಕುವ 4ಜಿ ರೂಟರ್ ಸಾಕು. ನೋಂದಣಿ, ಪಡಿತರ, ಪ್ರಮಾಣಪತ್ರದ ವ್ಯವಹಾರಗಳಿಗೆ ಬೇಕಾಗುವ ಡೇಟಾ ಅಷ್ಟೇನೂ ಹೆಚ್ಚಿಲ್ಲ.

ಡಿಸ್ಕುಗಳಲ್ಲಿ ಇನ್ನೂ ರೇಡ್ 5 (ಹಲವು ಡಿಸ್ಕುಗಳನ್ನು ಜೋಡಿಸಿ, ಒಂದು ಹೋದರೂ ಡೇಟಾ ಉಳಿಯುವಂತೆ ಇಡುವ ವಿಧಾನ) ಕೇಳುವ ಟೆಂಡರ್ ಕಂಡಾಗ ನಮಗೆ ದಿಗಿಲಾಗುತ್ತದೆ. ಲೆಕ್ಕ ಹೀಗಿದೆ. 16 ಟೆರಾಬೈಟಿನ ಎಂಟು ಡಿಸ್ಕು, ಒಂದು ಹೋಯಿತು. ಹೊಸದನ್ನು ತುಂಬಿಸಲು ಸೆಕೆಂಡಿಗೆ 200 ಮೆಗಾಬೈಟ್ ವೇಗದಲ್ಲಿ 80,000 ಸೆಕೆಂಡ್ ಬೇಕು, ಅಂದರೆ 22 ಗಂಟೆ. ಜನ ಬಳಸುತ್ತಿರುವಾಗಲೇ ತುಂಬಬೇಕಾದ್ದರಿಂದ ಎರಡು-ಮೂರು ದಿನವೂ ಹಿಡಿಯಬಹುದು. ಆ ಅವಧಿಯಲ್ಲಿ ಉಳಿದ ಏಳು ಡಿಸ್ಕುಗಳಿಂದ 112 ಟೆರಾಬೈಟ್ ಪೂರ್ತಿ ಓದಬೇಕು. ದೊಡ್ಡ ಡಿಸ್ಕುಗಳ ತಯಾರಕರು ಕೊಡುವ ಭರವಸೆಯೇ ಸುಮಾರು 125 ಟೆರಾಬೈಟಿಗೆ ಒಂದು ಓದಲಾಗದ ಬಿಟ್ ಎಂಬ ಮಟ್ಟದ್ದು. ಎಂಟೂ ಡಿಸ್ಕು ಒಂದೇ ಕಂತಿನಲ್ಲಿ ಬಂದು, ಒಂದೇ ದಿನ ಚಾಲೂ ಆಗಿ, ಒಂದೇ ಬಿಸಿಯಲ್ಲಿ ದುಡಿದಿರುತ್ತವೆ. ಒಂದು ಸತ್ತ ವಾರದಲ್ಲೇ ಇನ್ನೊಂದೂ ಸಾಯುವುದು ಅಪರೂಪವೇನಲ್ಲ. ಎರಡು ಡಿಸ್ಕು ಹೋದರೂ ತಡೆಯುವ ರೇಡ್ 6 ಕನಿಷ್ಠ ಇರಲಿ. ಡೇಟಾಬೇಸಿಗಾದರೆ ರೇಡ್ 10, ಅಂದರೆ ಪ್ರತಿ ಡಿಸ್ಕಿಗೂ ಒಂದು ಜೋಡಿ ನಕಲು, ಜೊತೆಗೆ ಕಾದು ಕೂತ ಒಂದು ಬಿಡಿ ಡಿಸ್ಕು. ತಿಂಗಳಿಗೊಮ್ಮೆ ಎಲ್ಲ ಡಿಸ್ಕುಗಳನ್ನು ಹಿನ್ನೆಲೆಯಲ್ಲಿ ಓದಿಸಿ ಮೂಲೆಯಲ್ಲಿ ಕೊಳೆಯುತ್ತಿರುವ ಬ್ಲಾಕುಗಳನ್ನು ಮೊದಲೇ ಹಿಡಿಯಬೇಕು. ಮೆಮೊರಿಗೆ ಇಸಿಸಿ (ತಪ್ಪಾದ ಬಿಟ್ಟನ್ನು ತಾನೇ ತಿದ್ದುವ ವ್ಯವಸ್ಥೆ) ಇರಲೇಬೇಕು ಎಂಬುದನ್ನು ಹೆಚ್ಚು ವಿವರಿಸಬೇಕಿಲ್ಲ.

ಡೇಟಾಬೇಸ್ ಈ ವ್ಯವಸ್ಥೆಯ ಜೀವ. ಅಪ್ಲಿಕೇಷನ್ ಸರ್ವರ್ ಹತ್ತಿದ್ದರೆ ಒಂದು ಸತ್ತರೂ ಒಂಬತ್ತು ನಡೆಸುತ್ತವೆ, ಆದರೆ ಡೇಟಾಬೇಸಿನಲ್ಲಿ ಬರೆಯುವ ಯಂತ್ರ ಒಂದೇ ಇರಬೇಕು. ಎರಡು ಕಡೆ ಎರಡು ಪ್ರತಿ ಇಟ್ಟು, ನಡುವಿನ ಲೈನ್ ಕಡಿದಾಗ ಇಬ್ಬರೂ ‘ಇನ್ನೊಬ್ಬರು ಸತ್ತಿದ್ದಾರೆ, ಇನ್ನು ನಾನೇ ಯಜಮಾನ’ ಎಂದುಕೊಂಡರೆ ಒಂದೇ ಸರ್ವೆ ನಂಬರಿಗೆ ಎರಡು ಕಡೆ ಎರಡು ಮಾಲೀಕರು ದಾಖಲಾಗುತ್ತಾರೆ. 2018ರ ಅಕ್ಟೋಬರ್ 21ರಂದು ತಂತ್ರಾಂಶದ ಕೋಡ್ ಇಡುವ ಜಾಲತಾಣ ಗಿಟ್‌ಹಬ್‌ನಲ್ಲಿ ಸಂಪರ್ಕ ತಪ್ಪಿದ್ದು ಬರೀ 43 ಸೆಕೆಂಡ್. ಅಷ್ಟರಲ್ಲಿ ಸ್ವಯಂಚಾಲಿತ ವ್ಯವಸ್ಥೆ ಬರೆಯುವ ಅಧಿಕಾರವನ್ನು ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ಸಾಗಿಸಿಬಿಟ್ಟಿತ್ತು. ಪೂರ್ವದಲ್ಲಿ ಕೊನೆಯ ಕೆಲವು ಸೆಕೆಂಡಿನ ಬರಹ ಪಶ್ಚಿಮಕ್ಕೆ ತಲುಪಿರಲಿಲ್ಲ. ಎರಡನ್ನೂ ಸರಿಹೊಂದಿಸಿ ಸೇವೆ ಪೂರ್ತಿ ಸರಿಯಾಗಲು 24 ಗಂಟೆ 11 ನಿಮಿಷ ಹಿಡಿಯಿತು.

ಇದಕ್ಕೆ ಮದ್ದು ಬಹುಮತ. ಎರಡೇ ಜಾಗವಿದ್ದರೆ ಬಹುಮತ ಹುಟ್ಟುವುದಿಲ್ಲ, ಮೂರು ಬೇಕು. ಉದಾಹರಣೆಗೆ ಬೆಂಗಳೂರಿನಲ್ಲಿ ಒಂದು ಪೂರ್ಣ ಪ್ರತಿ, ಹುಬ್ಬಳ್ಳಿಯಲ್ಲಿ ಇನ್ನೊಂದು, ಮಂಗಳೂರಿನಲ್ಲಿ ಮತ ಹಾಕಲು ಮಾತ್ರ ಒಂದು ಚಿಕ್ಕ ಯಂತ್ರ. ಮೂರರಲ್ಲಿ ಇಬ್ಬರ ಒಪ್ಪಿಗೆಯಿಲ್ಲದೆ ಯಾರೂ ಯಜಮಾನಿಕೆ ವಹಿಸಿಕೊಳ್ಳಬಾರದು. ಒಂಟಿಯಾದ ಯಂತ್ರ ತಾನಾಗಿ ಬರೆಯುವುದನ್ನು ನಿಲ್ಲಿಸಬೇಕು. ‘ದೂರದ ಪ್ರತಿ ಬರೆಯುವ ತನಕ ಕಾಯುತ್ತಾ ಕೂತರೆ ನಿಧಾನವಾಗುತ್ತದೆ’ ಎಂಬ ಆಕ್ಷೇಪ ಬರುತ್ತದೆ. ಬೆಳಕು ಫೈಬರಿನಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತದೆ. ಬೆಂಗಳೂರು-ಹುಬ್ಬಳ್ಳಿ ನಡುವೆ 400 ಕಿಲೋಮೀಟರ್ ಹಿಡಿದರೆ ಹೋಗಿಬರಲು 4 ಮಿಲಿಸೆಕೆಂಡ್. ದಾರಿಯ ಉಪಕರಣಗಳ ತಡ ಸೇರಿಸಿ ಹತ್ತೇ ಆಗಲಿ. ಫೋಟೊ ತೆಗೆದು, ಬೆರಳಚ್ಚು ಒತ್ತಿಸಿ, ಸಹಿ ಹಾಕಿಸುವ ನೋಂದಣಿಯಲ್ಲಿ ಅದು ಯಾರ ಗಮನಕ್ಕೂ ಬಾರದು. ಜಮೀನಿನ ದಾಖಲೆಯಲ್ಲಿ ಕೊನೆಯ ಒಂದು ನಮೂದೂ ಕಳೆಯಬಾರದು ಎಂದಾದರೆ ಎರಡೂ ಕಡೆ ಬರೆದಾದ ಮೇಲೆಯೇ ‘ಆಯಿತು’ ಎನ್ನುವ ಪದ್ಧತಿ ಬೇಕು.

ಪ್ರತಿಯೇ ಬೇರೆ, ಬ್ಯಾಕಪ್ಪೇ ಬೇರೆ ಎಂಬುದನ್ನೂ ಇಲ್ಲೇ ಹೇಳಬೇಕು. ತಪ್ಪಾಗಿ ಅಳಿಸಿದ ಸಾಲು ಎರಡೂ ಪ್ರತಿಗಳಲ್ಲಿ ಕ್ಷಣಾರ್ಧದಲ್ಲಿ ಅಳಿಸಿಹೋಗುತ್ತದೆ. 2017ರ ಜನವರಿ 31ರಂದು ಅಂಥದೇ ಇನ್ನೊಂದು ತಾಣ ಗಿಟ್‌ಲ್ಯಾಬ್‌ನ ಎಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಅಳಿಸಿದರು. ನಿತ್ಯದ ಬ್ಯಾಕಪ್ ತೆಗೆಯಲು ಹೋದರೆ ಅದು ಇರಲೇ ಇಲ್ಲ. ಬ್ಯಾಕಪ್ ತೆಗೆಯುವ ತಂತ್ರಾಂಶದ ಆವೃತ್ತಿ ಡೇಟಾಬೇಸಿಗೆ ಹೊಂದದೆ ಕೆಲಸ ಸದ್ದಿಲ್ಲದೆ ವಿಫಲವಾಗುತ್ತಿತ್ತು, ವಿಫಲವಾಯಿತೆಂಬ ಇಮೇಲ್ ಕೂಡ ದಾರಿಯಲ್ಲೇ ತಿರಸ್ಕೃತವಾಗುತ್ತಿತ್ತು. ಅದೃಷ್ಟಕ್ಕೆ ಬೇರೊಂದು ಕೆಲಸಕ್ಕೆ ಆರು ಗಂಟೆ ಮೊದಲು ತೆಗೆದಿಟ್ಟ ನಕಲು ಸಿಕ್ಕಿತು. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಯುಪಿಎಸ್‌ನ ಲಿಥಿಯಂ ಬ್ಯಾಟರಿಗೆ ಬೆಂಕಿ ಬಿದ್ದು ಆರುನೂರಕ್ಕೂ ಹೆಚ್ಚು ಸರ್ಕಾರಿ ಸೇವೆಗಳು ನಿಂತವು. ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಸುಟ್ಟುಹೋಯಿತು, ಹೊರಗೆಲ್ಲೂ ಪ್ರತಿ ಇರಲಿಲ್ಲ. ಅದು ತಂತ್ರಜ್ಞಾನದಲ್ಲಿ ಹಿಂದುಳಿದ ದೇಶವಲ್ಲ. ನಮ್ಮಲ್ಲಿ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಮತ್ತು ನೆಟ್‌ವರ್ಕಿನಿಂದ ಅಳಿಸಲಾಗದಂತೆ ಇರಲಿ. ತಿಂಗಳಿಗೊಮ್ಮೆ ಯಾವುದಾದರೂ ಒಂದು ತಾಲ್ಲೂಕಿನ ದಾಖಲೆಗಳನ್ನು ಬ್ಯಾಕಪ್ಪಿನಿಂದ ಖಾಲಿ ಯಂತ್ರಕ್ಕೆ ತುಂಬಿಸಿ, ಪಹಣಿ ತೆರೆದು ನೋಡಿ, ಎಷ್ಟು ಹೊತ್ತಾಯಿತು ಎಂದು ಬರೆಯಬೇಕು. ‘ಬ್ಯಾಕಪ್ ಯಶಸ್ವಿ’ ಎಂಬ ಸಂದೇಶಕ್ಕೆ ಬೆಲೆ ಕೊಡಬೇಡಿ, ‘ಮರಳಿ ತುಂಬಿಸಿದ್ದು ಯಶಸ್ವಿ’ ಎಂಬುದಕ್ಕೆ ಕೊಡಿ.

ಎರಡು ಯಂತ್ರ ಇಟ್ಟು ಎರಡಕ್ಕೂ ಒಂದೇ ಸಾಫ್ಟ್‌ವೇರ್ ಹಾಕಿದರೆ ಒಂದೇ ದೋಷ ಎರಡನ್ನೂ ಕೆಡವುತ್ತದೆ. 1996ರ ಜೂನ್ 4ರಂದು ಹಾರಿದ ಮೊದಲ ಏರಿಯೇನ್ 5 ರಾಕೆಟ್ಟಿನಲ್ಲಿ ದಿಕ್ಕು ತಿಳಿಸುವ ಯಂತ್ರ ಎರಡಿದ್ದವು. ಒಂದು ದೊಡ್ಡ ಸಂಖ್ಯೆಯನ್ನು 16 ಬಿಟ್‌ನಲ್ಲಿ ಹಿಡಿಸಲು ಹೋಗಿ ಬದಲಿ ಯಂತ್ರ ನಿಂತಿತು, ಕ್ಷಣಾರ್ಧದಲ್ಲೇ ಅದೇ ಕಾರಣಕ್ಕೆ ಮುಖ್ಯ ಯಂತ್ರವೂ ನಿಂತಿತು. 2024ರ ಜುಲೈ 19ರಂದು ಭದ್ರತಾ ತಂತ್ರಾಂಶದ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಆದ್ದರಿಂದ ಯಾವ ಅಪ್‌ಡೇಟೂ ಒಂದೇ ರಾತ್ರಿ ಇಡೀ ರಾಜ್ಯಕ್ಕೆ ಹೋಗಬಾರದು. ಮೊದಲು ಒಂದು ತಾಲ್ಲೂಕು, ಎರಡು ದಿನ ಬಿಟ್ಟು ಒಂದು ಜಿಲ್ಲೆ, ವಾರ ಬಿಟ್ಟು ಉಳಿದದ್ದು. ಹಿಂದಿನ ಆವೃತ್ತಿಗೆ ಹತ್ತು ನಿಮಿಷದಲ್ಲಿ ಮರಳಲಾಗದ ಬದಲಾವಣೆಗೆ ಅನುಮತಿಯೇ ಇರಬಾರದು. ಶುಕ್ರವಾರ ಸಂಜೆಯೂ ಬೇಡ, ಶುಭ ಮುಹೂರ್ತವೆಂದು ನೋಂದಣಿಗೆ ಜನ ಮುಗಿಬೀಳುವ ದಿನದ ಮುನ್ನಾ ರಾತ್ರಿಯೂ ಬೇಡ.

ಕೌಂಟರಿನಲ್ಲಿ ಕಾಣುವ ಒಂದು ತೊಂದರೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ: ‘ದುಡ್ಡು ಕಟ್ ಆಯಿತು, ರಸೀದಿ ಬರಲಿಲ್ಲ.’ ಪಾವತಿಯ ಕೋರಿಕೆ ಬ್ಯಾಂಕ್ ತಲುಪಿದೆ, ಹಣ ಹೋಗಿದೆ, ಉತ್ತರ ಬರುವಾಗ ಲೈನ್ ಕಡಿದಿದೆ. ಆಪರೇಟರ್ ಮತ್ತೆ ಒತ್ತುತ್ತಾರೆ, ಹಣ ಎರಡನೇ ಸಲ ಹೋಗುತ್ತದೆ. ಪರಿಹಾರ ಸರಳ. ಬಟನ್ ಒತ್ತುವ ಮೊದಲೇ ಆ ವ್ಯವಹಾರಕ್ಕೆ ಒಂದು ವಿಶಿಷ್ಟ ಸಂಖ್ಯೆ ಹುಟ್ಟಿಸಿ ಕಚೇರಿಯ ಪಿಸಿಯಲ್ಲೇ ಬರೆದಿಡಬೇಕು. ಎಷ್ಟು ಸಲ ಮರುಪ್ರಯತ್ನಿಸಿದರೂ ಅದೇ ಸಂಖ್ಯೆ ಹೋಗಬೇಕು. ಆ ಸಂಖ್ಯೆ ಮೊದಲೇ ನೋಡಿದ್ದಾದರೆ ಆ ಕಡೆಯ ವ್ಯವಸ್ಥೆ ಹೊಸ ಹಣ ತೆಗೆಯದೆ ಹಳೆಯ ಉತ್ತರವನ್ನೇ ಮತ್ತೆ ಕೊಡಬೇಕು. ಮರುಪ್ರಯತ್ನಕ್ಕೂ ಶಿಸ್ತು ಬೇಕು: 1 ಸೆಕೆಂಡ್, ನಂತರ 2, 4, 8, ಪ್ರತಿಯೊಂದಕ್ಕೂ ಸ್ವಲ್ಪ ಏರುಪೇರು ಬೆರೆಸಿ. ಇಲ್ಲದಿದ್ದರೆ ಆಗಷ್ಟೇ ಎದ್ದ ಸರ್ವರಿನ ಮೇಲೆ ರಾಜ್ಯದ ಎಲ್ಲ ಕೌಂಟರುಗಳೂ ಒಂದೇ ಸೆಕೆಂಡಿಗೆ ಬಿದ್ದು ಅದನ್ನು ಮತ್ತೆ ಮಲಗಿಸುತ್ತವೆ.

ಪಡಿತರಕ್ಕೆ ಇನ್ನೂ ಸುಲಭದ ದಾರಿಯಿದೆ. ತಿಂಗಳ ಹಂಚಿಕೆಯ ಪಟ್ಟಿ ಅಂಗಡಿಯ ಯಂತ್ರದಲ್ಲೇ ಮೊದಲೇ ಇರಲಿ. ಸಂಪರ್ಕವಿಲ್ಲದಾಗ ಕೊಟ್ಟದ್ದನ್ನು ಸ್ಥಳೀಯವಾಗಿ ಸಹಿಯೊಂದಿಗೆ ಬರೆದಿಟ್ಟು, ಲೈನ್ ಬಂದ ಮೇಲೆ ಕಳಿಸಲಿ. ಅಪರೂಪಕ್ಕೊಮ್ಮೆ ಒಬ್ಬರು ಎರಡು ಕಡೆ ಪಡೆದಿರಬಹುದು. ಅದು ಮುಂದಿನ ತಿಂಗಳ ಲೆಕ್ಕದಲ್ಲಿ ಸರಿಹೋಗುತ್ತದೆ. ಕೂಲಿ ಬಿಟ್ಟು ಬಂದವರು ಬರಿಗೈಲಿ ಹೋದದ್ದು ಸರಿಹೋಗುವುದಿಲ್ಲ.

ಹೊರೆ ಹೆಚ್ಚಾಗುವುದೂ ಒಂದು ಬಗೆಯ ಕೆಡುಕೇ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ತಂತ್ರಾಂಶ ಕಾವೇರಿ 2.0 ಮೇಲೆ ಡಿಡಿಒಎಸ್ ದಾಳಿ (ಸುಳ್ಳು ಕೋರಿಕೆಗಳ ಮಳೆಗರೆದು ಸರ್ವರ್ ನಿಲ್ಲಿಸುವ ದಾಳಿ) ನಡೆದಾಗ, ನಕಲಿ ಖಾತೆಗಳಿಂದ ಇಸಿ (ಋಣಭಾರ ಪ್ರಮಾಣಪತ್ರ) ಹುಡುಕಾಟಕ್ಕೆ ರಾಶಿ ರಾಶಿ ಕೋರಿಕೆ ಬಂದವೆಂದು ಸರ್ಕಾರವೇ ಹೇಳಿತ್ತು. ಸಾರ್ವಜನಿಕರ ಹುಡುಕಾಟಕ್ಕೆ ಬೇರೆ ಸರ್ವರ್, ಓದಲಷ್ಟೇ ಬರುವ ಬೇರೆ ಡೇಟಾಬೇಸ್ ಪ್ರತಿ, ಬೇರೆ ಲೈನ್ ಕೊಟ್ಟು ಕಚೇರಿಯ ನೋಂದಣಿ ದಾರಿಯನ್ನು ಪ್ರತ್ಯೇಕವಾಗಿಟ್ಟರೆ ಒಂದು ಮುಳುಗಿದರೂ ಇನ್ನೊಂದು ನಡೆಯುತ್ತದೆ.

ಇಷ್ಟೆಲ್ಲ ಮಾಡಿಯೂ ಒಂದು ಬಾಕಿ ಉಳಿದರೆ ಎಲ್ಲವೂ ವ್ಯರ್ಥ. ಬದಲಿ ಕೇಂದ್ರವನ್ನು, ಅಂದರೆ ಮುಖ್ಯ ಡೇಟಾ ಸೆಂಟರ್ ನಿಂತಾಗ ಕೆಲಸ ವಹಿಸಿಕೊಳ್ಳಬೇಕಾದ ಇನ್ನೊಂದು ಡೇಟಾ ಸೆಂಟರನ್ನು, ಎಂದೂ ನಿಜವಾಗಿ ಓಡಿಸಿ ನೋಡದಿದ್ದರೆ ಅದು ಗಾಳಿ ಇಲ್ಲದ ಸ್ಟೆಪ್ನಿ. ಅಲ್ಲಿ ಸರ್ವರಿನ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ, ಫೈರ್‌ವಾಲಿನಲ್ಲಿ ಹೊಸ ನಿಯಮ ಸೇರಿರುವುದಿಲ್ಲ, ಪಾವತಿ ಕಂಪನಿಗೆ ಆ ವಿಳಾಸವೇ ಗೊತ್ತಿರುವುದಿಲ್ಲ. ಎನ್‌ಎಸ್‌ಇ, ಬಿಎಸ್‌ಇ ಎರಡೂ 2024ರ ಮಾರ್ಚ್ 2 ಮತ್ತು ಮೇ 18ರ ಶನಿವಾರಗಳಂದು ವಿಶೇಷ ವಹಿವಾಟು ನಡೆಸಿ, ನಡುವೆ ಬದಲಿ ಕೇಂದ್ರಕ್ಕೆ ಹೊರಳಿದವು. ಜನರ ನಿಜವಾದ ದುಡ್ಡು, ನಿಜವಾದ ಷೇರು, ಬದಲಿ ಕೇಂದ್ರದಲ್ಲಿ. ಷೇರಿನಲ್ಲಿ ಸಾಧ್ಯವಾದದ್ದು ಪಹಣಿಯಲ್ಲಿ ಅಸಾಧ್ಯವೇನಲ್ಲ.

ಆದ್ದರಿಂದ ನಮ್ಮ ಬೇಡಿಕೆ ಇದು. ಕಚೇರಿಗಳಿಗೆ ರಜೆ ಇರುವ ಒಂದು ಎರಡನೇ ಶನಿವಾರ ಮೊದಲ ತಾಲೀಮು ಮಾಡಿ, ಕೆಲವೇ ತಾಲ್ಲೂಕುಗಳ ಸಿಬ್ಬಂದಿಯನ್ನು ಕರೆಸಿ. ಅದು ಸರಿಬಂದ ಮೇಲೆ ಮೂರು ತಿಂಗಳಿಗೊಮ್ಮೆ ಕೆಲಸದ ದಿನವೇ ಹೊರಳಿಸಿ. ಒಂದು ಪೂರ್ತಿ ವಾರ ಬದಲಿ ಕೇಂದ್ರದಿಂದಲೇ ನಡೆಸಿ ನಂತರ ಹಿಂದಕ್ಕೆ ಬನ್ನಿ. ಹೊರಳುವ ಆದೇಶ ಕೊಡುವವರು ಯಾರು, ಅವರು ಸಿಗದಿದ್ದರೆ ಯಾರು, ಎಷ್ಟು ನಿಮಿಷದೊಳಗೆ ತೀರ್ಮಾನಿಸಬೇಕು ಎಂಬುದನ್ನು ಹೆಸರು-ಹುದ್ದೆ ಸಮೇತ ಬರೆದು ಗೋಡೆಗೆ ಅಂಟಿಸಿ. ಎರಡೂ ಕಡೆ ಯಂತ್ರ ಸಿದ್ಧವಿದ್ದು ಒಪ್ಪಿಗೆಯ ಸಹಿಗೆ ಕಾಯುತ್ತಾ ಗಂಟೆಗಳು ಕಳೆಯಬಾರದು. ತಾಲೀಮಿನಲ್ಲಿ ಏನು ಕೈಕೊಟ್ಟಿತು, ಎಷ್ಟು ಹೊತ್ತು, ಯಾವ ತಿದ್ದುಪಡಿ ಯಾವ ದಿನಾಂಕದೊಳಗೆ ಎಂಬ ಎರಡು ಪುಟದ ವರದಿಯನ್ನು ಕನ್ನಡದಲ್ಲಿ ಇಲಾಖೆಯ ಜಾಲತಾಣದಲ್ಲಿ ಹಾಕಿ. ದೊಡ್ಡ ಅಡಚಣೆಯಾದಾಗಲೂ ಹತ್ತು ದಿನದೊಳಗೆ ಇಂಥದೇ ವರದಿ ಬರಲಿ. ಅದರಲ್ಲಿ ಸಿಬ್ಬಂದಿಯ ಹೆಸರು ಬೇಡ, ಶಿಕ್ಷೆಯ ಮಾತೂ ಬೇಡ. ಹೆದರಿಸಿದರೆ ಕಾರಣ ಹೊರಬರುವುದಿಲ್ಲ.

ಮುಂದಿನ ಟೆಂಡರಿನ ಅಂಕಪಟ್ಟಿಯಲ್ಲಿ ಇವಕ್ಕೆ ಜಾಗ ಕೊಡಿ. ಯಂತ್ರ ಒಪ್ಪಿಕೊಳ್ಳುವ ದಿನ ಕೊನೆಯ ಕಂತು ಬಿಡುಗಡೆ ಮಾಡುವ ಮೊದಲು ತಮ್ಮ ಅಧಿಕಾರಿಯೊಬ್ಬರು ರ‍್ಯಾಕಿನ ಮುಂದೆ ನಿಂತು ಒಂದು ಪವರ್ ವೈರು, ಒಂದು ನೆಟ್‌ವರ್ಕ್ ಕೇಬಲ್, ಎರಡು ಡಿಸ್ಕು (ರೇಡ್ 10 ಆದರೆ ಬೇರೆ ಬೇರೆ ಜೋಡಿಯಿಂದ) ಕೈಯಾರೆ ಎಳೆಯಲಿ, ಡೇಟಾಬೇಸಿನ ಮುಖ್ಯ ಯಂತ್ರವನ್ನು ಆರಿಸಲಿ. ಅದೇ ಹೊತ್ತಿಗೆ ಯಾವುದಾದರೊಂದು ತಾಲ್ಲೂಕಿನ ಕೌಂಟರಿನಲ್ಲಿ ಒಂದು ದಾಖಲೆ ಆರಂಭದಿಂದ ಮುದ್ರಣದವರೆಗೆ ನಿಲ್ಲದೆ ಸಾಗಿದರೆ ಮಾತ್ರ ಬಿಲ್ಲಿಗೆ ಸಹಿ ಬೀಳಲಿ.

ತಮ್ಮ ವಿಶ್ವಾಸಿಗಳು,
ಸರ್ವರ್, ಸ್ಟೋರೇಜ್, ಡೇಟಾಬೇಸ್, ನೆಟ್‌ವರ್ಕ್ ಕೆಲಸದಲ್ಲಿರುವ ಕೆಲವು ಕನ್ನಡಿಗ ಎಂಜಿನಿಯರುಗಳು